ಬೆಳ್ಳಿಯ ಬಟ್ಟಲೂ ಬಡವರ ಪಕ್ಷವೂ



ದಸರೆಯ ಕಾಲದಲ್ಲಿ ಮೈಸೂರಿನ ಕುಸ್ತಿಯ ಕಣವನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಹೆಸರಾದ ಜಟ್ಟಿಯೊಬ್ಬನ ಎದುರಿಗೆ ಯಾವುದೋ ಹಳ್ಳಿಯ ಗರಡಿಯಿಂದ ಬಂದ ಎಳೆಯನೊಬ್ಬನು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ನಿಲ್ಲುತ್ತಾನೆ. ಅವನ ಊರಾಗಲಿ ಹೆಸರಾಗಲಿ ನೆರೆದವರಲ್ಲಿ ಹತ್ತು ಮಂದಿಗೂ ತಿಳಿಯದು. ಆದರೂ ಪಟ್ಟು ಬಿದ್ದ ಕ್ಷಣದಿಂದ ಸಭೆಯ ಮನಸ್ಸು ಅವನ ಕಡೆಗೆ ವಾಲುತ್ತದೆ. ಜಟ್ಟಿ ಗೆದ್ದರೆ ಜನ ತಲೆದೂಗಿ ಮನೆಗೆ ಹೋಗುತ್ತಾರೆ. ಹುಡುಗ ಗೆದ್ದರೆ ಆ ಮಾತು ಊರೂರು ಸುತ್ತಿ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ.

ಬಲವಿಲ್ಲದವನ ಕಡೆಗಿನ ಈ ಪಕ್ಷಪಾತವು ಮನುಷ್ಯಸ್ವಭಾವದಲ್ಲಿಯೇ ಇರತಕ್ಕದ್ದು. ಆದರೆ ಪಕ್ಷಪಾತವೊಂದೇ ಇದ್ದರೆ ಸಾಲದು; ಬಲವಿಲ್ಲದವನು ಬಲಶಾಲಿಯ ಎದುರಿಗೆ ನಿಲ್ಲುವುದಕ್ಕೆ ಒಂದು ಕಣವೂ ಬೇಕು. ಕಾಲ್ಚೆಂಡಿನ ಆಟದಲ್ಲಿ ಅಂತಹ ಕಣವನ್ನು ಕಟ್ಟಿಕೊಟ್ಟದ್ದು ‘ಕಪ್’ ಪಂದ್ಯಗಳೆಂಬ ಏರ್ಪಾಡು. ಅದು ಹೇಗೆ ಹುಟ್ಟಿತು, ಅದರಲ್ಲಿ ಸಣ್ಣ ತಂಡಗಳು ಏನನ್ನು ಪಡೆದವು, ಏನನ್ನು ಕಳೆದುಕೊಂಡವು, ನಮ್ಮ ದೇಶದಲ್ಲಿ ಅದು ಯಾವ ಅರ್ಥವನ್ನು ತಾಳಿತು ಎಂಬುದೇ ಈ ಸಂಜೆಯ ನನ್ನ ವಿಷಯ.

ಮೊದಲು ಏರ್ಪಾಡಿನ ಬಗೆಯನ್ನು ತಿಳಿದುಕೊಳ್ಳೋಣ. ಕಾಲ್ಚೆಂಡಿನಲ್ಲಿ ಪಂದ್ಯಗಳನ್ನು ನಡೆಸುವ ಮುಖ್ಯವಾದ ರೀತಿಗಳು ಎರಡು. ಒಂದು ಲೀಗ್. ಅದರಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡುತ್ತದೆ. ಇಪ್ಪತ್ತು ತಂಡಗಳಿದ್ದು, ಎರಡೆರಡು ಸಾರಿ ಎದುರಾದರೆ, ಒಂದೊಂದು ತಂಡಕ್ಕೆ ೩೮ ಪಂದ್ಯಗಳು; ಒಟ್ಟು ೩೮೦. ಇನ್ನೊಂದು ಕಪ್. ಅದರಲ್ಲಿ ಚೀಟಿ ಎತ್ತಿ ತಂಡಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ೬೪ ತಂಡಗಳಿದ್ದರೆ ೬೩ ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ, ಏಕೆಂದರೆ ಪ್ರತಿ ಪಂದ್ಯವೂ ಒಂದು ತಂಡವನ್ನು ಹೊರಕ್ಕೆ ಕಳುಹಿಸುತ್ತದೆ. ಕಡೆಗೆ ಉಳಿದ ಒಂದು ತಂಡವು ಆರು ಸಾರಿ ಗೆದ್ದಿರುತ್ತದೆ, ಅಷ್ಟೆ.

ಈ ಲೆಕ್ಕದೊಳಗೆ ಒಂದು ಸ್ವಾರಸ್ಯವಿದೆ. ಬಲಶಾಲಿಯಾದ ತಂಡದೊಡನೆ ಐದು ಸಾರಿ ಆಡಿದರೆ ಒಂದು ಸಾರಿ ಗೆಲ್ಲಬಲ್ಲ ಸಣ್ಣ ತಂಡವೊಂದಿದೆ ಎಂದಿಟ್ಟುಕೊಳ್ಳಿ. ಲೀಗಿನ ಉದ್ದವಾದ ಸಾಲಿನಲ್ಲಿ ಅದರ ಒಂದು ಗೆಲವು ನಾಲ್ಕು ಸೋಲುಗಳ ಅಡಿಯಲ್ಲಿ ಹೂತುಹೋಗುತ್ತದೆ. ಕಪ್ಪಿನ ಪಂದ್ಯದಲ್ಲಾದರೋ ಆ ಐದರಲ್ಲಿ ಒಂದು ಪಾಲು ಅದರ ಕೈಯಲ್ಲಿಯೇ ಇದೆ, ಈ ಒಂದು ಮಧ್ಯಾಹ್ನಕ್ಕೆ. ಆದರೆ ಅಂತಹ ಆರು ಎದುರಾಳಿಗಳನ್ನು ಒಬ್ಬರಾದಮೇಲೊಬ್ಬರಂತೆ ಸೋಲಿಸಬೇಕಾದರೆ ಅದರ ಭಾಗ್ಯವು ೧೫,೬೨೫ರಲ್ಲಿ ಒಂದಕ್ಕೆ ಇಳಿಯುತ್ತದೆ. ಆದುದರಿಂದ ಕಪ್ಪಿನಲ್ಲಿ ಬೆರಗು ಆಗಾಗ ಸಂಭವಿಸುತ್ತದೆ. ಪೂರ್ಣವಿಜಯ ಮಾತ್ರ ಬಲು ಅಪೂರ್ವ. ಮೇಲಾಗಿ ಕಾಲ್ಚೆಂಡಿನಲ್ಲಿ ಗೋಲುಗಳು ವಿರಳ. ಮಧ್ಯಾಹ್ನವೆಲ್ಲ ಒತ್ತಿ ಬಂದ ತಂಡವನ್ನು ಒಂದು ಕ್ಷಣದ ಒಂದು ಗೋಲು ಕೆಡವಬಹುದು.

ಈ ಏರ್ಪಾಡಿನ ಹುಟ್ಟೂರು ಲಂಡನ್. ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ೧೮೬೩ರಲ್ಲಿ ಸ್ಥಾಪಿತವಾಯಿತು. ಎಂಟು ವರ್ಷಗಳಾದ ಮೇಲೆ, ೧೮೭೧ರ ಜುಲೈ ೨೦ರಂದು, ಅದರ ಕಾರ್ಯದರ್ಶಿಯಾದ ಚಾರ್ಲ್ಸ್ ಆಲ್ಕಾಕ್ ಎಂಬಾತನು, ಸಂಘಕ್ಕೆ ಸೇರಿದ ಎಲ್ಲ ತಂಡಗಳಿಗೂ ತೆರೆದಿರತಕ್ಕ ಒಂದು ಕಪ್ಪನ್ನು ಏರ್ಪಡಿಸಬೇಕೆಂದು ಸೂಚಿಸಿದನು. ಆತನು ಓದಿದ ಹ್ಯಾರೋ ಶಾಲೆಯಲ್ಲಿ ವಿದ್ಯಾರ್ಥಿನಿಲಯಗಳ ನಡುವೆ ಇಂತಹ ಪಂದ್ಯಗಳು ನಡೆಯುತ್ತಿದ್ದವು. ಅದೇ ಅವನ ಮಾದರಿ. ಮೊದಲ ವರ್ಷ ಸೇರಿದವು ೧೫ ತಂಡಗಳು. ಬೆಳ್ಳಿಯ ಬಟ್ಟಲಿನ ಬೆಲೆ ಸುಮಾರು ಇಪ್ಪತ್ತು ಪೌಂಡು. ೧೮೭೨ರ ಮಾರ್ಚ್ ೧೬ರಂದು ಓವಲ್ ಮೈದಾನದಲ್ಲಿ ನಡೆದ ಕಡೆಯ ಪಂದ್ಯದಲ್ಲಿ ಆಲ್ಕಾಕನೇ ನಾಯಕನಾಗಿದ್ದ ವಾಂಡರರ್ಸ್ ತಂಡವು ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು.

ಆದರೆ ಆ ಮೊದಲ ವರ್ಷದ ಕಥೆಯಲ್ಲಿ ನೆನಪಿಡಬೇಕಾದದ್ದು ಗೆದ್ದವರ ಹೆಸರಲ್ಲ. ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ಎಂಬ ತಂಡವು ಬಟ್ಟಲನ್ನು ಕೊಳ್ಳುವ ನಿಧಿಗೆ ತನ್ನ ಬಡ ಪೆಟ್ಟಿಗೆಯಿಂದ ಒಂದು ಗಿನಿಯನ್ನು ಕೊಟ್ಟಿದ್ದಿತು. ಉಪಾಂತ್ಯ ಪಂದ್ಯದಲ್ಲಿ ಅದು ಲಂಡನ್ನಿಗೆ ಬಂದು ವಾಂಡರರ್ಸ್ ತಂಡದೊಡನೆ ಸಮಸಮವಾಗಿ ಆಡಿತು. ನಿಯಮದಂತೆ ಮರುಪಂದ್ಯ ನಡೆಯಬೇಕು. ಮತ್ತೆ ಬಂದುಹೋಗುವ ರೈಲಿನ ವೆಚ್ಚವನ್ನು ಹೊರಲಾರದೆ ಕ್ವೀನ್ಸ್ ಪಾರ್ಕ್ ಹಿಂದೆಗೆಯಿತು. ವಾಂಡರರ್ಸ್ ಆಡದೆಯೇ ಮುಂದಕ್ಕೆ ಹೋಯಿತು. ಕಪ್ಪಿನ ಬಾಗಿಲು ಎಲ್ಲರಿಗೂ ತೆರೆದಿದ್ದುದು ನಿಜ; ಬಾಗಿಲವರೆಗೆ ಬರುವ ದಾರಿಗೆ ಮಾತ್ರ ಸುಂಕ ತೆರಬೇಕಾಗಿದ್ದಿತು. ಸಣ್ಣ ತಂಡಗಳ ಚರಿತ್ರೆಯೆಲ್ಲ ಈ ಒಂದು ಸಂಗತಿಯಲ್ಲಿ ಬೀಜರೂಪವಾಗಿ ಅಡಗಿದೆ.

ಮೊದಲ ಹತ್ತು ವರ್ಷಗಳ ಕಾಲ ಬಟ್ಟಲು ದೊಡ್ಡ ಮನೆತನಗಳ ಮಕ್ಕಳ ಕೈಯಲ್ಲಿಯೇ ಇದ್ದಿತು. ಈಟನ್ ಮೊದಲಾದ ಶಾಲೆಗಳ ಹಳೆಯ ವಿದ್ಯಾರ್ಥಿಗಳು, ಆಕ್ಸ್‌ಫರ್ಡಿನವರು, ಸೈನ್ಯದ ಅಧಿಕಾರಿಗಳು ಅದನ್ನು ತಮ್ಮತಮ್ಮಲ್ಲಿಯೇ ಹಂಚಿಕೊಂಡರು. ಅಷ್ಟರಲ್ಲಿ ಉತ್ತರದ ಲ್ಯಾಂಕಷೈರಿನ ಹತ್ತಿಯ ಗಿರಣಿಗಳ ಊರುಗಳಲ್ಲಿ ಈ ಆಟ ಬೇರುಬಿಟ್ಟಿದ್ದಿತು. ಶನಿವಾರದ ಮಧ್ಯಾಹ್ನ ಗಿರಣಿಯ ಕೆಲಸಗಾರರಿಗೆ ಬಿಡುವು ದೊರೆತುದೇ ಇದಕ್ಕೆ ದೊಡ್ಡ ಕಾರಣ. ೧೮೭೯ರಲ್ಲಿ ಡಾರ್ವೆನ್ ಎಂಬ ಗಿರಣಿಯ ಊರಿನ ತಂಡವು ಓವಲ್ ಮೈದಾನದಲ್ಲಿ ಓಲ್ಡ್ ಈಟೋನಿಯನ್ಸ್ ತಂಡಕ್ಕೆ ಎದುರಾಯಿತು. ಆಟ ಮುಗಿಯಲು ಕಾಲು ಗಂಟೆ ಉಳಿದಿದ್ದಾಗ ಈಟನ್ನಿನವರಿಗೆ ಐದು ಗೋಲು, ಡಾರ್ವೆನ್ನಿಗೆ ಒಂದು. ಆ ಕಾಲು ಗಂಟೆಯಲ್ಲಿ ಗಿರಣಿಯ ಹುಡುಗರು ನಾಲ್ಕು ಗೋಲುಗಳನ್ನು ಹೊಡೆದು ಸಮಮಾಡಿದರು. ಹೆಚ್ಚುವರಿ ಕಾಲ ಆಡೋಣವೆಂದರೆ ಈಟನ್ನಿನವರು ಒಪ್ಪಲಿಲ್ಲ.

ಡಾರ್ವೆನ್ನಿನ ಆಟಗಾರರು ಊರಿಗೆ ಹಿಂದಿರುಗಿ, ಇನ್ನೂರು ಮೈಲಿ ದೂರದ ಲಂಡನ್ನಿಗೆ ಮತ್ತೆ ಬರಬೇಕಾಯಿತು. ಊರಿನ ಜನ ಚಂದಾ ಎತ್ತಿ ಕಳುಹಿಸಿದರು. ಎರಡನೆಯ ಪಂದ್ಯವೂ ಎರಡೆರಡು ಗೋಲುಗಳಿಂದ ಸಮವಾಯಿತು. ಮೂರನೆಯ ಪ್ರಯಾಣದ ಹೊತ್ತಿಗೆ ಅವರ ಕಾಲುಗಳಲ್ಲಿ ಕಸುವು ಉಳಿದಿರಲಿಲ್ಲ. ಆರಕ್ಕೆ ಎರಡು ಗೋಲುಗಳಿಂದ ಸೋತರು. ಆ ವರ್ಷ ಬಟ್ಟಲನ್ನು ಗೆದ್ದವರು ಓಲ್ಡ್ ಈಟೋನಿಯನ್ಸ್. ಆದರೆ ಇಂದು ಆ ವರ್ಷವನ್ನು ಜ್ಞಾಪಿಸಿಕೊಳ್ಳುವವರು ಡಾರ್ವೆನ್ನಿನ ಹೆಸರನ್ನೇ ಮೊದಲು ಹೇಳುತ್ತಾರೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಾಸ್ಯಕ್ಕೆ ಆಡುತ್ತೇವೆ. ಇಲ್ಲಿ ಅದನ್ನು ಗೌರವದಿಂದಲೇ ಆಡಬಹುದು.

ನಾಲ್ಕು ವರ್ಷಗಳಲ್ಲಿ ಕಾಲ ತಿರುಗಿತು. ೧೮೮೩ರ ಮಾರ್ಚ್ ೩೧ರಂದು ಅದೇ ಓವಲ್ ಮೈದಾನದಲ್ಲಿ, ಅದೇ ಓಲ್ಡ್ ಈಟೋನಿಯನ್ಸ್ ತಂಡದ ಎದುರಿಗೆ, ಬ್ಲಾಕ್‌ಬರ್ನ್ ಒಲಿಂಪಿಕ್ ಎಂಬ ಐದು ವರ್ಷದ ಕೂಸಾದ ತಂಡವು ಕಡೆಯ ಪಂದ್ಯಕ್ಕೆ ಇಳಿಯಿತು. ಅದರಲ್ಲಿದ್ದವರು ನೇಕಾರರು, ನೂಲುವವರು, ಕಬ್ಬಿಣದ ಎರಕದ ಕೆಲಸಗಾರರು, ನಲ್ಲಿಗಳ ಕೆಲಸದವನೊಬ್ಬ, ದಂತವೈದ್ಯನ ಸಹಾಯಕನೊಬ್ಬ. ಎರಕದ ಕಾರ್ಖಾನೆಯ ಒಡೆಯನೊಬ್ಬನು ಹಣದ ಸಹಾಯ ಮಾಡಿದ್ದುದರಿಂದ ಪಂದ್ಯಕ್ಕೆ ಮೊದಲು ಅವರು ಕೆಲವು ದಿನ ಬ್ಲಾಕ್‌ಪೂಲಿನ ಕಡಲತೀರದಲ್ಲಿದ್ದು ಅಭ್ಯಾಸಮಾಡಿದ್ದರು. ಆ ಕಾಲಕ್ಕೆ ಅದೊಂದು ಹೊಸ ಕ್ರಮ. ಮೊದಲ ಗೋಲು ಈಟನ್ನಿನವರದು. ಅದನ್ನು ಒಲಿಂಪಿಕ್ ಸಮಮಾಡಿತು. ಈಟನ್ನಿನ ಆಟಗಾರನೊಬ್ಬನು ಪೆಟ್ಟು ತಗುಲಿ ಹೊರನಡೆದನು. ಹೆಚ್ಚುವರಿ ಕಾಲದಲ್ಲಿ ಜಿಮ್ಮಿ ಕಾಸ್ಟ್ಲೀ ಎಂಬ ನೂಲುವವನು ಗೆಲವಿನ ಗೋಲನ್ನು ಹೊಡೆದನು. ಅಂದಿನಿಂದ ಇಂದಿನವರೆಗೆ ಹಳೆಯ ಶಾಲೆಗಳ ಮಹನೀಯರ ತಂಡವೊಂದೂ ಆ ಬಟ್ಟಲನ್ನು ಮತ್ತೆ ಗೆದ್ದಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು! ಆದರೆ ಚರಿತ್ರೆಯು ಮಂಗಳ ಹಾಡಿದಮೇಲೂ ಮುಂದುವರಿಯುತ್ತದೆ. ೧೮೮೫ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನಿಯಮಬದ್ಧವಾಯಿತು. ೧೮೮೮ರಲ್ಲಿ ಹನ್ನೆರಡು ತಂಡಗಳು ಸೇರಿ ಲೀಗನ್ನು ಸ್ಥಾಪಿಸಿದವು. ಬ್ಲಾಕ್‌ಬರ್ನ್ ಪಟ್ಟಣದಿಂದ ಅದಕ್ಕೆ ಕರೆ ಬಂದುದು ಹಣವೂ ಜನವೂ ಹೆಚ್ಚಾಗಿದ್ದ ಬ್ಲಾಕ್‌ಬರ್ನ್ ರೋವರ್ಸ್ ತಂಡಕ್ಕೆ. ಒಲಿಂಪಿಕ್ ತಂಡವು ೧೮೮೯ರಲ್ಲಿ, ಬಟ್ಟಲನ್ನು ಎತ್ತಿದ ಆರೇ ವರ್ಷಕ್ಕೆ, ಬಾಗಿಲು ಮುಚ್ಚಿತು. ಲೀಗಿಗೂ ಕಪ್ಪಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಲೀಗ್ ಎಂಬುದು ಆಮಂತ್ರಿತರ ಪಂಕ್ತಿ. ಎಲೆ ಹಾಕಿದ್ದಷ್ಟೇ ಜನಕ್ಕೆ ಊಟ. ಕಪ್ ಎಂಬುದು ಜಾತ್ರೆಯ ಅನ್ನಸಂತರ್ಪಣೆ. ಬಂದು ಕುಳಿತವನನ್ನು ಯಾರೆಂದು ಕೇಳುವವರಿಲ್ಲ.

ಈ ಭೇದವು ಕೇವಲ ಆಟದ ವ್ಯವಸ್ಥೆಯ ವಿಚಾರವಾಗಿ ಉಳಿಯದೆ, ಮಾನಾಪಮಾನದ ಪ್ರಶ್ನೆಯಾಗಿ ಬೆಳೆದುದು ನಮ್ಮ ದೇಶದಲ್ಲಿ. ಇಂಗ್ಲಿಷರ ಪಟಾಲಮುಗಳು ಹೋದಲ್ಲೆಲ್ಲ ಕಾಲ್ಚೆಂಡೂ ಹೋಯಿತು. ಹಿಂದೆಯೇ ಕಪ್ಪುಗಳೂ ಬಂದವು. ೧೮೮೮ರಲ್ಲಿ, ಭಾರತ ಸರ್ಕಾರದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮಾರ್ಟಿಮರ್ ಡ್ಯೂರಾಂಡನು ಸಿಮ್ಲೆಯಲ್ಲಿ ತನ್ನ ಹೆಸರಿನ ಕಪ್ಪನ್ನು ಸ್ಥಾಪಿಸಿದನು. ಬೊಂಬಾಯಿಯಲ್ಲಿ ರೋವರ್ಸ್ ಕಪ್ ೧೮೯೧ರಲ್ಲಿಯೂ, ಕಲ್ಕತ್ತೆಯಲ್ಲಿ ಭಾರತೀಯ ಫುಟ್‌ಬಾಲ್ ಸಂಘದ ಷೀಲ್ಡ್ ೧೮೯೩ರಲ್ಲಿಯೂ ಆರಂಭವಾದವು. ಇವುಗಳಲ್ಲಿ ಡ್ಯೂರಾಂಡ್ ಕಪ್ ಮೊದಲಿಗೆ ಸೈನ್ಯದವರ ಸ್ವತ್ತೇ ಆಗಿದ್ದಿತು. ಕಲ್ಕತ್ತೆಯ ಷೀಲ್ಡಿನಲ್ಲಿ ಮಾತ್ರ ಭಾರತೀಯರ ತಂಡವು ಆರಂಭದಲ್ಲಿಯೇ ಕಾಲಿಟ್ಟಿತು. ಅದು ಶೋಭಾಬಜಾರ್ ತಂಡ. ಅದಕ್ಕೆ ಹಿಂದಿನ ವರ್ಷ, ೧೮೯೨ರಲ್ಲಿ, ಅದೇ ತಂಡವು ಟ್ರೇಡ್ಸ್ ಕಪ್ ಎಂಬ ಇನ್ನೊಂದು ಪಂದ್ಯದಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿ, ಆಳುವವರನ್ನು ಆಟದಲ್ಲಿ ಸೋಲಿಸಬಹುದೆಂಬುದನ್ನು ತೋರಿಸಿಕೊಟ್ಟಿದ್ದಿತು.

ಕಲ್ಕತ್ತೆಯ ಲೀಗ್ ೧೮೯೮ರಲ್ಲಿ ಆರಂಭವಾಯಿತು. ಅದರ ಪಂಕ್ತಿಯಲ್ಲಿ ಭಾರತೀಯ ತಂಡಗಳಿಗೆ ಎಲೆ ಬಿದ್ದುದು ೧೯೧೪ರಲ್ಲಿ. ಅದೂ ಎರಡನೆಯ ದರ್ಜೆಯಲ್ಲಿ, ಎರಡೇ ತಂಡಗಳಿಗೆ. ಆದರೆ ಅಷ್ಟು ಹೊತ್ತಿಗೆ ಮೂರು ವರ್ಷಗಳ ಹಿಂದೆಯೇ ಭಾರತೀಯರ ತಂಡವೊಂದು ಷೀಲ್ಡನ್ನು ಗೆದ್ದು ಮನೆಗೆ ತಂದಾಗಿದ್ದಿತು. ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅರ್ಹತೆಯಿಲ್ಲವೆನಿಸಿಕೊಂಡವರು, ಪಂಕ್ತಿಯಲ್ಲಿ ಕುಳಿತವರನ್ನೇ ಕಪ್ಪಿನ ಕಣದಲ್ಲಿ ಕೆಡವಿದ್ದರು. ಆ ತಂಡದ ಹೆಸರು ಮೋಹನ್ ಬಗಾನ್, ವರ್ಷ ೧೯೧೧.

ಆ ವರ್ಷ ಮೋಹನ್ ಬಗಾನ್ ಮೊದಲು ಸೇಂಟ್ ಝೇವಿಯರ್ಸ್ ತಂಡವನ್ನು, ಆಮೇಲೆ ರೇಂಜರ್ಸ್ ತಂಡವನ್ನು, ಅನಂತರ ರೈಫಲ್ ಬ್ರಿಗೇಡನ್ನು ಸೋಲಿಸಿತು. ಉಪಾಂತ್ಯದಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನೊಡನೆ ಒಂದೊಂದು ಗೋಲಿನಿಂದ ಸಮವಾಗಿ, ಮರುಪಂದ್ಯದಲ್ಲಿ ಮೂರು ಗೋಲುಗಳಿಂದ ಗೆದ್ದಿತು. ಜುಲೈ ೨೯ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನೊಡನೆ ಕಡೆಯ ಪಂದ್ಯ. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಸುಧೀರ್ ಚಟರ್ಜಿಯವರೊಬ್ಬರೇ. ಉಳಿದ ಹತ್ತು ಮಂದಿ ಬರಿಗಾಲಿನವರು. ದೂರದ ಊರುಗಳಿಂದ ಜನ ಸಾವಿರ ಸಾವಿರವಾಗಿ ಬಂದು ಮೈದಾನದ ಸುತ್ತ ಕಿಕ್ಕಿರಿದರು. ಆಟ ಕಾಣದೆ ಹಿಂದೆ ನಿಂತವರಿಗೆ ಗೋಲಿನ ಸುದ್ದಿ ತಿಳಿಸಲು ಗಾಳಿಪಟಗಳನ್ನು ಹಾರಿಸಿದರಂತೆ. ಮೊದಲ ಗೋಲು ಸೈನಿಕರದು. ನಾಯಕ ಶಿಬದಾಸ್ ಭಾದುರಿಯವರು ಅದನ್ನು ಸಮಮಾಡಿದರು. ಆಟ ಮುಗಿಯುವುದಕ್ಕೆ ಕೆಲವೇ ನಿಮಿಷಗಳಿದ್ದಾಗ ಅಭಿಲಾಷ್ ಘೋಷರು ಎರಡನೆಯ ಗೋಲನ್ನು ಹೊಡೆದರು.

ಈ ಗೆಲವಿನ ಅರ್ಥವನ್ನು ಅಳೆಯುವಾಗ ಚರಿತ್ರೆಯನ್ನು ಹೇಳುವವನು ಎಚ್ಚರದಿಂದಿರಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಬಂಗಾಳದ ವಿಭಜನೆ ರದ್ದಾಯಿತು. ರಾಜಧಾನಿಯು ಕಲ್ಕತ್ತೆಯಿಂದ ದೆಹಲಿಗೆ ಹೋಗುವುದೆಂದು ಸಾರಲಾಯಿತು. ಬರಿಗಾಲಿನ ಒದೆತವೇ ರಾಜಧಾನಿಯನ್ನು ಕದಲಿಸಿತೆಂದು ಹೇಳುವವರೂ ಉಂಟು. ಅದು ಕಾಕತಾಳೀಯವೆಂದೇ ನನ್ನ ಭಾವನೆ. ರಾಜ್ಯಗಳು ಗೋಲುಗಳಿಂದ ಅಲುಗುವುದಿಲ್ಲ. ಆದರೆ ಆ ಸಂಜೆ ಬೇರೆ ಒಂದು ವಸ್ತು ಅಲುಗಿತು. ಬಂಗಾಳಿಗಳು ದೇಹಬಲವಿಲ್ಲದ ಜನವೆಂದು ಆಳುವವರು ಹೇಳುತ್ತ ಬಂದಿದ್ದರು. ಕೇಳಿ ಕೇಳಿ ಕೆಲವರು ಆ ಮಾತನ್ನು ತಾವೇ ನಂಬತೊಡಗಿದ್ದರು. ಕಚೇರಿಯಲ್ಲಾಗಲಿ, ರೈಲಿನ ಡಬ್ಬಿಯಲ್ಲಾಗಲಿ, ನ್ಯಾಯಸ್ಥಾನದಲ್ಲಾಗಲಿ ಬಿಳಿಯನಿಗೊಂದು ನಿಯಮ, ಕರಿಯನಿಗೊಂದು ನಿಯಮವಿದ್ದ ಕಾಲದಲ್ಲಿ, ಸುಣ್ಣದ ಗೆರೆಗಳ ಒಳಗಣ ಅಷ್ಟು ನೆಲದಲ್ಲಿ ಮಾತ್ರ ಇಬ್ಬರಿಗೂ ನಿಯಮ ಒಂದೇ ಆಗಿದ್ದಿತು. ಕಪ್ಪಿನ ಚೀಟಿಯು ಅವರನ್ನು ಆ ಗೆರೆಗಳೊಳಗೆ ಎದುರುಬದುರು ನಿಲ್ಲಿಸಿತು. ನೋಡಲು ಬಂದ ಜನ ಆ ಒಂದು ಗಂಟೆಯ ಸಮತೆಯನ್ನೇ ನೋಡಲು ಬಂದಿದ್ದರೆಂದು ನನಗೆ ತೋರುತ್ತದೆ.

ಮಹಾಶಯರೇ, ಈಗ ನಮ್ಮ ಮನೆಯ ಕಡೆಗೆ ಬರೋಣ. ಬೊಂಬಾಯಿಯ ರೋವರ್ಸ್ ಕಪ್ ವರ್ಷ ವರ್ಷವೂ ಗೋರರ ಪಟಾಲಮುಗಳ ಪಾಲಾಗುತ್ತಿದ್ದಿತು. ೧೯೨೩ರಲ್ಲಿ ಮೋಹನ್ ಬಗಾನ್ ಅದರ ಕಡೆಯ ಪಂದ್ಯವನ್ನು ಮುಟ್ಟಿ, ಡರ್ಹಾಮ್ ಲೈಟ್ ಇನ್‌ಫೆಂಟ್ರಿಗೆ ನಾಲ್ಕಕ್ಕೆ ಒಂದು ಗೋಲಿನಿಂದ ಸೋತು ಹಿಂದಿರುಗಿತು. ಹದಿನಾಲ್ಕು ವರ್ಷಗಳ ಮೇಲೆ, ೧೯೩೭ರಲ್ಲಿ, ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ನಮ್ಮ ಬೆಂಗಳೂರಿನ ತಂಡಕ್ಕೆ ಬಂದಿತು. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್. ಕಡೆಯ ಪಂದ್ಯದಲ್ಲಿ ಅದಕ್ಕೆ ಎದುರಾದದ್ದು ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್. ೧೯೩೪ರಿಂದ ೧೯೩೮ರವರೆಗೆ ಐದು ವರ್ಷ ಬಿಡದೆ ಕಲ್ಕತ್ತೆಯ ಲೀಗನ್ನು ಗೆದ್ದ, ಆ ಕಾಲದ ಭಾರತೀಯ ತಂಡಗಳಲ್ಲೆಲ್ಲ ಅತ್ಯಂತ ಪ್ರಬಲವಾದ ತಂಡವದು. ಬೆಂಗಳೂರಿನವರು ಅದನ್ನು ಒಂದೇ ಒಂದು ಗೋಲಿನಿಂದ ಸೋಲಿಸಿದರು. ಅದೃಷ್ಟವೆಂದು ಯಾರಾದರೂ ಹೇಳಿದ್ದರೆ, ಮರುವರ್ಷ, ೧೯೩೮ರಲ್ಲಿ, ಅದೇ ಕಪ್ಪನ್ನು ಮತ್ತೆ ಗೆದ್ದು ಉತ್ತರ ಕೊಟ್ಟರು. ೧೯೪೮ರಲ್ಲಿ ಮೂರನೆಯ ಸಾರಿ ಗೆದ್ದರು.

ಬೆಂಗಳೂರಿನಲ್ಲಿ ಈ ಆಟ ಬೆಳೆದ ನೆಲವನ್ನೂ ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ದಂಡು ನೆಲೆಸಿತು. ಊರು ಒಂದೇ ಆದರೂ ಆಡಳಿತ ಎರಡು: ಪೇಟೆಯು ಮಹಾರಾಜರದು, ದಂಡಿನ ಪ್ರದೇಶವು ೧೯೪೭ರವರೆಗೆ ಬ್ರಿಟಿಷ್ ರೆಸಿಡೆಂಟರದು. ದಂಡಿನ ಮೈದಾನಗಳಲ್ಲಿ ಸೈನಿಕರು ಆಡುವುದನ್ನು ಬೇಲಿಯ ಹೊರಗೆ ನಿಂತು ನೋಡಿ, ಸುತ್ತಣ ಬಡಾವಣೆಗಳ ಕೂಲಿಕಾರರ, ಬಾಣಸಿಗರ, ಚಿಕ್ಕ ವ್ಯಾಪಾರಿಗಳ ಮಕ್ಕಳು ಆಟವನ್ನು ಕಲಿತರು. ಅವರ ಮಾತು ತಮಿಳೋ ಉರ್ದುವೋ ಕನ್ನಡವೋ ಆಗಿರಬಹುದು. ಮತ ಯಾವುದೋ ಆಗಿರಬಹುದು. ಕಾಲು ಮಾತ್ರ ಬರಿಗಾಲು. ಆ ನೆಲದ ಫಲವಾಗಿ ಮೈಸೂರು ಸಂಸ್ಥಾನದ ತಂಡವು ೧೯೪೬-೪೭ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತವು ಫ್ರಾನ್ಸಿಗೆ ಎರಡಕ್ಕೆ ಒಂದು ಗೋಲಿನಿಂದ ಸೋತಾಗ, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಆದರೆ ಬ್ಲಾಕ್‌ಬರ್ನ್ ಒಲಿಂಪಿಕ್ಕಿಗೆ ಬಂದ ಕಾಲವೇ ಬೇರೆ ವೇಷದಲ್ಲಿ ಇಲ್ಲಿಗೂ ಬಂದಿತು. ಕಲ್ಕತ್ತೆಯ ದೊಡ್ಡ ತಂಡಗಳಲ್ಲಿ ಹಣವಿದ್ದಿತು, ಜನರ ಆದರವಿದ್ದಿತು. ಬೆಂಗಳೂರಿನ ಅಹಮದ್ ಖಾನ್, ಧನರಾಜ್ ಮೊದಲಾದವರು ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಆ ತಂಡದ ಮುಂಚೂಣಿಯಲ್ಲಿ ಆಡಿದ ಐವರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು; ಅವರಲ್ಲಿ ಇವರಿಬ್ಬರೂ ಸೇರಿದ್ದರು. ೧೯೪೯, ೧೯೫೦, ೧೯೫೧ ಈ ಮೂರು ವರ್ಷಗಳೂ ಈಸ್ಟ್ ಬೆಂಗಾಲ್ ಷೀಲ್ಡನ್ನು ಗೆದ್ದಿತು. ನಮ್ಮ ಹುಡುಗರ ಹೆಸರು ದೇಶವೆಲ್ಲ ಹರಡಿದ್ದಕ್ಕೆ ನಾವು ಹೆಮ್ಮೆಪಡಬೇಕು. ಆದರೆ ಅವರನ್ನು ಆಡಿಸಿ ಬೆಳೆಸಿದ ಸಣ್ಣ ತಂಡಗಳು ಸಾಕಿದ ಮಗಳನ್ನು ದೂರದೂರಿಗೆ ಕೊಟ್ಟ ತೌರುಮನೆಯಂತೆ ಉಳಿದುವೆಂಬುದನ್ನೂ ಮರೆಯಬಾರದು.

ಇಂತಹ ಕಥೆಗಳು ಹಳೆಯ ಕಾಲದವೇ ಎಂದು ತಿಳಿಯಬೇಡಿ. ೧೯೪೯ರ ಜನವರಿ ೨೯ರಂದು ಯೋವಿಲ್ ಎಂಬ ಚಿಕ್ಕ ಊರಿನ, ಲೀಗಿನ ಹೊರಗಣ ತಂಡವು, ಒಂದು ಕಡೆಗೆ ಇಳಿಜಾರಾಗಿದ್ದ ತನ್ನ ಮೈದಾನದಲ್ಲಿ, ಮೊದಲ ದರ್ಜೆಯ ಶ್ರೀಮಂತ ತಂಡವಾದ ಸಂಡರ್‌ಲ್ಯಾಂಡನ್ನು ಸೋಲಿಸಿತು. ಮುಂದಿನ ಸುತ್ತಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಎಂಟು ಗೋಲುಗಳಿಂದ ಸೋತಿತು. ಆ ಎಂಟು ಗೋಲುಗಳನ್ನು ಜನ ಮರೆತರು, ಇಳಿಜಾರನ್ನು ಮರೆಯಲಿಲ್ಲ. ಫ್ರಾನ್ಸಿನಲ್ಲಿ ಕಲೇ ಎಂಬ ಬಂದರಿನ ತಂಡವು ೨೦೦೦ದಲ್ಲಿ, ನಾಲ್ಕನೆಯ ದರ್ಜೆಯಲ್ಲಿದ್ದುಕೊಂಡೇ, ಹಿಂದಿನ ವರ್ಷದ ಲೀಗ್ ವಿಜೇತರಾದ ಬೋರ್ಡೋ ತಂಡವನ್ನೂ ಕೆಡವಿ, ರಾಷ್ಟ್ರೀಯ ಕಪ್ಪಿನ ಕಡೆಯ ಪಂದ್ಯಕ್ಕೆ ಬಂದಿತು. ಆಡಿದವರು ಬೇರೆ ಉದ್ಯೋಗದಿಂದ ಜೀವಿಸುತ್ತಿದ್ದ ಹವ್ಯಾಸಿಗಳು. ಮೇ ೭ರಂದು ಮೊದಲ ಗೋಲನ್ನು ಹೊಡೆದವರೂ ಅವರೇ. ನಾಂತ್ ತಂಡವು ಸಮಮಾಡಿ, ಕಡೆಯ ನಿಮಿಷದ ದಂಡದ ಒದೆತದಿಂದ ಗೆದ್ದಿತು. ಆಗ ನಾಂತ್ ತಂಡದ ನಾಯಕ ಲಾಂದ್ರೋ, ಸೋತ ತಂಡದ ನಾಯಕನನ್ನು ಕೈಹಿಡಿದು ಕರೆದೊಯ್ದು, ಇಬ್ಬರೂ ಒಟ್ಟಿಗೆ ಕಪ್ಪನ್ನು ಎತ್ತಿದರು. ಆದರೆ ಆ ಕಲೇ ತಂಡವೂ ಸಾಲದ ಹೊರೆಯಿಂದ ೨೦೧೭ರಲ್ಲಿ ಮುಚ್ಚಿಹೋಯಿತು.

ಈ ಪ್ರಸಂಗಗಳನ್ನೆಲ್ಲ ಕೇಳಿದ ವಿವೇಕಿಗಳು ಎರಡು ಆಕ್ಷೇಪಗಳನ್ನು ಎತ್ತಬಹುದು. ಒಂದು: ಕಪ್ಪಿನ ಗೆಲವು ಅದೃಷ್ಟದ ಗೆಲವು, ಬಲಾಬಲವನ್ನು ನಿಜವಾಗಿ ತೂಗುವ ತಕ್ಕಡಿ ಲೀಗು. ಇದು ಒಪ್ಪತಕ್ಕ ಮಾತು. ಈಟನ್ನಿನ ಆಟಗಾರನಿಗೆ ಪೆಟ್ಟು ತಗುಲದೆ ಇದ್ದಿದ್ದರೆ ೧೮೮೩ರ ಕಥೆ ಬೇರೆಯಾಗುತ್ತಿದ್ದಿತೋ ಏನೋ. ಆದರೆ ಲೀಗು ಹೇಳುವುದು ಯಾರು ಬಲಶಾಲಿಗಳೆಂಬುದನ್ನು. ಅದು ನಮಗೆ ಮೊದಲೇ ಬಹುಮಟ್ಟಿಗೆ ಗೊತ್ತಿರುತ್ತದೆ. ಕಪ್ಪು ಕೇಳುವ ಪ್ರಶ್ನೆ ಬೇರೆ: ಈ ಹೊತ್ತು, ಈ ನೆಲದ ಮೇಲೆ, ನಿನ್ನಲ್ಲಿ ಏನಿದೆ? ಅದೃಷ್ಟವು ಬಾಗಿಲನ್ನು ತಟ್ಟಬಹುದು. ಎದ್ದು ತೆರೆಯುವವನು ಸಿದ್ಧನಾಗಿರಬೇಕಷ್ಟೆ. ಡಾರ್ವೆನ್ನಿನವರು ಆ ಕಾಲು ಗಂಟೆಯಲ್ಲಿ ಹೊಡೆದ ನಾಲ್ಕು ಗೋಲುಗಳನ್ನು ಅದೃಷ್ಟವೆಂದು ಯಾರು ಹೇಳಿಯಾರು?

ಎರಡನೆಯ ಆಕ್ಷೇಪ ಇನ್ನೂ ಗಹನವಾದುದು. ಸಣ್ಣ ತಂಡಕ್ಕೆ ಒಂದು ಮಧ್ಯಾಹ್ನದ ವೈಭವವನ್ನು ಕೊಟ್ಟು, ವರ್ಷವೆಲ್ಲ ಅದನ್ನು ಹಸಿವೆಯಲ್ಲಿ ಬಿಡುವ ಏರ್ಪಾಡು ಒಂದು ಬಗೆಯ ವಂಚನೆಯಲ್ಲವೆ? ಒಲಿಂಪಿಕ್ ಅಳಿಯಿತು, ಕಲೇ ಅಳಿಯಿತು, ಬೆಂಗಳೂರಿನ ತಂಡದ ಹೆಸರು ಬೆಂಗಳೂರಿನಲ್ಲಿಯೇ ಅನೇಕರಿಗೆ ತಿಳಿಯದು. ಇತ್ತ ಅಂದಿನ ಬರಿಗಾಲಿನ ಮೋಹನ್ ಬಗಾನ್ ಇಂದು ದೇಶದ ಅತ್ಯಂತ ದೊಡ್ಡ ತಂಡಗಳಲ್ಲಿ ಒಂದು. ಅದನ್ನು ಸೋಲಿಸುವುದೇ ಈಗಿನ ಸಣ್ಣ ತಂಡಗಳ ಕನಸು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸೊಸೆಯೇ ಅತ್ತೆಯಾಗುವುದೂ ಲೋಕರೂಢಿ. ಬಲಹೀನತೆಯು ಯಾವ ತಂಡದ ಶಾಶ್ವತ ಗುಣವೂ ಅಲ್ಲ, ಬಲವೂ ಅಲ್ಲ. ಕಪ್ಪು ಯಾರನ್ನೂ ಬಡತನದಿಂದ ಪಾರುಮಾಡಲಾರದು. ಅದು ಮಾಡಬಹುದಾದದ್ದು ಒಂದೇ: ಬಡವನು ಬಾಗಿಲಿಗೆ ಬಂದಾಗ ಬಾಗಿಲನ್ನು ತೆರೆದಿಟ್ಟಿರುವುದು.

ಆದುದರಿಂದಲೇ ಆ ಬಾಗಿಲನ್ನು ಕಾಯಬೇಕಾಗಿದೆ. ಇಂಗ್ಲೆಂಡಿನ ಹಳೆಯ ಕಪ್ಪಿಗೆ ಈಗ ೭೦೦ಕ್ಕೂ ಹೆಚ್ಚು ತಂಡಗಳು ಸೇರುತ್ತವೆ. ಆದರೆ ೨೦೨೪-೨೫ರಿಂದ ಅದರ ಮೊದಲನೆಯ ಮುಖ್ಯ ಸುತ್ತಿನಿಂದಾಚೆಗೆ ಮರುಪಂದ್ಯಗಳನ್ನು ತೆಗೆದುಹಾಕಿದ್ದಾರೆ. ದೊಡ್ಡ ತಂಡಗಳಿಗೆ ಪಂದ್ಯಗಳ ಭಾರ ಹೆಚ್ಚಾಯಿತೆಂಬುದು ಕಾರಣ. ಸಣ್ಣ ತಂಡಕ್ಕಾದರೋ, ದೊಡ್ಡ ತಂಡದೊಡನೆ ಸಮವಾಗಿ ಆಡಿ ಗಳಿಸಿದ ಮರುಪಂದ್ಯದ ಚೀಟಿಯ ಹಣವು ಎಷ್ಟೋ ತಿಂಗಳ ಸಂಬಳಕ್ಕೆ ಆಗುತ್ತಿದ್ದಿತು. ಅಂದು ಕ್ವೀನ್ಸ್ ಪಾರ್ಕ್ ಮರುಪಂದ್ಯಕ್ಕೆ ಬರಲು ಹಣವಿಲ್ಲದೆ ಹಿಂದೆಗೆಯಿತು. ಇಂದು ಹಣವನ್ನು ತರುತ್ತಿದ್ದ ಮರುಪಂದ್ಯವೇ ಇಲ್ಲವಾಯಿತು. ಈ ನಿಯಮವು ೧೮೭೯ರಲ್ಲಿಯೇ ಇದ್ದಿದ್ದರೆ ಡಾರ್ವೆನ್ನಿನ ಮೂರು ಪ್ರಯಾಣಗಳ ಕಥೆ ನಮಗೆ ಉಳಿಯುತ್ತಲೇ ಇರಲಿಲ್ಲ. ನಮ್ಮಲ್ಲಿ ರೋವರ್ಸ್ ಕಪ್ಪಿನ ಪಂದ್ಯಗಳು ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿಯೇ ನಿಂತುಹೋದುವು. ಬೆಂಗಳೂರಿನ ಹುಡ್ಗರು ಮೂರು ಸಾರಿ ಎತ್ತಿದ ಕಪ್ಪನ್ನು ಎತ್ತುವ ಅವಕಾಶ ಈಗ ಯಾರಿಗೂ ಇಲ್ಲ.

ಆದರೂ ಆಸೆಯನ್ನು ಬಿಡಬೇಕಾಗಿಲ್ಲ. ೨೦೨೩ರ ಮಾರ್ಚ್ ತಿಂಗಳಲ್ಲಿ, ಐವತ್ತನಾಲ್ಕು ವರ್ಷಗಳ ಮೇಲೆ, ಕರ್ನಾಟಕದ ತಂಡವು ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಕಡೆಯ ಪಂದ್ಯ ನಡೆದುದು ದೂರದ ರಿಯಾದ್ ನಗರದಲ್ಲಿ. ಎದುರಾದದ್ದು ಚಿಕ್ಕ ರಾಜ್ಯವಾದ ಮೇಘಾಲಯ. ಗೋಲುಗಳು ಮೂರಕ್ಕೆ ಎರಡು. ಆ ದಿನ ನಮ್ಮವರು ಗೆದ್ದರೆಂದು ಸಂತೋಷಪಟ್ಟ ನಮ್ಮಲ್ಲಿಯೇ ಎಷ್ಟೋ ಮಂದಿಯ ಮನಸ್ಸು ಮೇಘಾಲಯದ ಹುಡುಗರಿಗಾಗಿಯೂ ಒಂದು ಕ್ಷಣ ಮಿಡಿದಿದ್ದರೆ ಅದು ಆಶ್ಚರ್ಯವಲ್ಲ.

ಮುಂದೆ ಎಂದಾದರೂ ಒಂದು ಸಂಜೆ, ನೀವು ಹೋಗುವ ದಾರಿಯಲ್ಲಿ ಮೈದಾನವೊಂದರಲ್ಲಿ ಎರಡು ತಂಡಗಳು ಆಡುತ್ತಿರಬಹುದು. ಒಂದರ ಅಂಗಿಗಳು ಹೊಸವು, ಇನ್ನೊಂದರವು ಬಣ್ಣ ಬಿಟ್ಟವು. ಸ್ವಲ್ಪ ಹೊತ್ತು ನಿಂತು ನೋಡಿರಿ. ನಿಮ್ಮ ಮನಸ್ಸು ಯಾವ ಕಡೆಗೆ ವಾಲುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಬಣ್ಣ ಬಿಟ್ಟ ಅಂಗಿಯವರು ಬಹುಶಃ ಸೋಲುತ್ತಾರೆ. ಬಹುಶಃ ಎಂಬ ಆ ಒಂದು ಮಾತಿನಲ್ಲಿಯೇ ಈ ಆಟದ ಜೀವವಿದೆ.